ಬಾಸ್ಟನ್‌ನಿಂದ ಮಗಳನ್ನು ಕರೆದುಕೊಂಡು ಒಂದೇ ದಿನದಲ್ಲಿ ಎಷ್ಟು ಕವರ್ಡ್ ಬ್ರಿಡ್ಜ್ ನೋಡಬಹುದು?

ಆರು ವರ್ಷದ ಮಗಳು, ಅಕ್ಟೋಬರ್‌ನ ಲಾಂಗ್ ವೀಕೆಂಡ್, ಒಂದೇ ದಿನದಲ್ಲಿ ಐದಾರು ಕವರ್ಡ್ ಬ್ರಿಡ್ಜ್ (ಮೇಲೆ ಮಾಡು, ಅಂದರೆ ಚಾವಣಿ, ಇರುವ ಮರದ ಸೇತುವೆ), ಜೊತೆಗೆ ಶರತ್ಕಾಲದ ಎಲೆಗಳ ಬಣ್ಣವೂ ಪೀಕ್‌ನಲ್ಲಿರಬೇಕು, ಇದು ನಿಮ್ಮ ಪ್ರಶ್ನೆ. ನಿಮ್ಮ ಪಟ್ಟಿ ಹೆಚ್ಚುಕಮ್ಮಿ ನಾನು ಮಾಡಿದ್ದ ಪಟ್ಟಿಯೇ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಮಗನಿಗೂ ಆಗ ಅದೇ ವಯಸ್ಸು. ಆಗಷ್ಟೇ ಕೂಡಿಸಿ ಕೂಡಿಸಿ ಓದಲು ಶುರು ಮಾಡಿದ್ದ. ಲೈಬ್ರರಿಯಿಂದ ತಂದ ಪುಸ್ತಕದಲ್ಲಿ ಕಾರ್ನಿಶ್-ವಿಂಡ್ಸರ್ ಸೇತುವೆಯ ಫೋಟೋ ಇತ್ತು. ನ್ಯೂ ಹ್ಯಾಂಪ್‌ಶೈರ್‌ನ ಕಾರ್ನಿಶ್‌ಗೂ ವರ್ಮಾಂಟ್‌ನ ವಿಂಡ್ಸರ್‌ಗೂ ನಡುವೆ, ಕನೆಕ್ಟಿಕಟ್ ನದಿಯ ಮೇಲೆ 1866ರಲ್ಲಿ ಕಟ್ಟಿದ್ದು. ಅದರ ಬಾಯಿಯ ಮೇಲೆ ಒಂದು ಬೋರ್ಡ್ ಇದೆ. ಕುದುರೆಗಳನ್ನು ನಡೆಸಿಕೊಂಡು ಹೋಗಿ, ಇಲ್ಲದಿದ್ದರೆ ಎರಡು ಡಾಲರ್ ದಂಡ ಕಟ್ಟಿ ಅಂತ. ಇವನಿಗೆ ಅದೇ ಹುಚ್ಚು. ಕಾರಿಗೂ ದಂಡ ಇದೆಯಾ? ನಿಧಾನ ಹೋದರೆ ಬಿಡ್ತಾರಾ? ಕುದುರೆ ಓಡಿದರೆ ಏನಾಗತ್ತೆ? ಹೊರಡುವ ದಿನ ತನ್ನ ಡಬ್ಬಿಯಿಂದ ಒಂದು ಡಾಲರ್‌ನ ಎರಡು ನೋಟು ತೆಗೆದು, ನಾಲ್ಕು ಮಡಿಕೆ ಮಾಡಿ, ಜಾಕೆಟ್ ಜೇಬಿನಲ್ಲಿ ಇಟ್ಟು ಜಿಪ್ ಎಳೆದುಕೊಂಡ.

ಆ ಸೇತುವೆಯನ್ನು ನಾನು ಪಟ್ಟಿಯ ಕೊನೆಗೆ ಇಟ್ಟಿದ್ದೆ. ತಪ್ಪಾಗಿದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಮ್ಯಾಪ್ ಮುಂದಿಟ್ಟುಕೊಂಡು ಕೂತಾಗ ಅದು ತಪ್ಪು ಅಂತ ಅನಿಸುವುದೇ ಇಲ್ಲ. ವರ್ಮಾಂಟ್‌ನ ಕ್ವೀಚಿ, ಟ್ಯಾಫ್ಟ್ಸ್‌ವಿಲ್, ವುಡ್‌ಸ್ಟಾಕ್ ಊರುಗಳ ಸೇತುವೆ ಮೂರೂ ರೂಟ್ 4 ಹೆದ್ದಾರಿಯ ಮಗ್ಗುಲಲ್ಲೇ ಸಾಲಾಗಿ ಇವೆ, ಒಂದರಿಂದ ಒಂದಕ್ಕೆ ಹತ್ತೋ ಹದಿನೈದೋ ನಿಮಿಷ. ಅವನ್ನು ಮುಗಿಸಿಕೊಂಡು ವಿಂಡ್ಸರ್‌ಗೆ ಇಳಿದು, ದೊಡ್ಡದನ್ನು ಕೊನೆಗೆ ಆರಾಮಾಗಿ ನೋಡೋಣ ಅಂತ ನನ್ನ ಲೆಕ್ಕ. ಆದರೆ ಮ್ಯಾಪ್ ಲೆಕ್ಕ ಹಾಕುವುದು ಕಾರು ಓಡುವ ಹೊತ್ತನ್ನು ಮಾತ್ರ. ಮಗು ಬಿಚ್ಚಿ ಎಸೆದ ಶೂ ಹುಡುಕಿ ಹಾಕುವುದು, ಜಾಕೆಟ್ ತೊಡಿಸುವುದು, ಬೆಲ್ಟ್ ಬಿಚ್ಚುವುದು, ಪಾರ್ಕಿಂಗ್‌ಗೆ ಸುತ್ತುವುದು, ಬಾತ್‌ರೂಮ್ ಎಲ್ಲಿದೆ ಅಂತ ಯಾರನ್ನೋ ಕೇಳುವುದು, ಮತ್ತೆ ಕೂರಿಸಿ ಬೆಲ್ಟ್ ಹಾಕುವುದು, ಇದೆಲ್ಲ ಒಂದೊಂದು ಸೇತುವೆಗೂ ಆಗಬೇಕು. ಅದೂ ಅಕ್ಟೋಬರ್‌ನ ಅದೇ ಲಾಂಗ್ ವೀಕೆಂಡ್, ಕೊಲಂಬಸ್ ಡೇ ರಜೆ. ವುಡ್‌ಸ್ಟಾಕ್ ಊರೊಳಗೆ ಕಾರುಗಳು ಇರುವೆ ಸಾಲಿನ ಹಾಗೆ ಹೋಗುತ್ತಿದ್ದವು. ಎಲ್ಲಕ್ಕಿಂತ ಜಾಸ್ತಿ ಹೊತ್ತು ಹೋಗಿದ್ದೇ ಅಲ್ಲಿ, ಆದರೆ ಊರ ನಡುವಿನ ಆ ಸೇತುವೆ ಕಟ್ಟಿದ್ದು 1969ರಲ್ಲಿ! ಟ್ಯಾಫ್ಟ್ಸ್‌ವಿಲ್‌ನದು ನಿಜವಾಗಿ ಹಳೆಯದು, 1836ರದ್ದು. 2011ರ ಐರೀನ್ ಚಂಡಮಾರುತದಲ್ಲಿ ಪೆಟ್ಟು ತಿಂದು, ರಿಪೇರಿಯಾಗಿ 2013ರಲ್ಲಿ ಮತ್ತೆ ತೆರೆದದ್ದು. ಅಲ್ಲಿ ಮಗ ನೀರಿನ ಹತ್ತಿರ ಇಳಿಯುತ್ತೇನೆ ಅಂದ. ಟೈಮ್ ಇಲ್ಲ ಬಾರೋ ಅಂತ ಎಳೆದುಕೊಂಡು ಬಂದೆ.

ಅಕ್ಟೋಬರ್ ಮಧ್ಯದಲ್ಲಿ ಅಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನಾವು ವಿಂಡ್ಸರ್ ಮುಟ್ಟಿದಾಗ ಕತ್ತಲಾಗಿತ್ತು. ಜಿಪಿಎಸ್ ಸೀದಾ ಸೇತುವೆಯೊಳಗೇ ಕರೆದುಕೊಂಡು ಹೋಯಿತು. ಹಿಂದೆ ಕಾರು, ಎದುರಿಗೆ ಕಾರು, ನಿಲ್ಲಿಸುವ ಹಾಗಿಲ್ಲ. ಹೆಡ್‌ಲೈಟ್ ಬೆಳಕಲ್ಲಿ ಹಲಗೆ ಕಂಡಿದ್ದಷ್ಟೇ, ಆಚೆ ದಡ ಬಂದೇಬಿಟ್ಟಿತು. ನಿದ್ದೆಗಣ್ಣಲ್ಲಿ ಎದ್ದವನು "ಅಮ್ಮಾ, ಬೋರ್ಡ್ ಎಲ್ಲಿ?" ಅಂದ. ದಾಟಿ ಆಯ್ತು ಪುಟ್ಟಾ ಅಂದೆ. ಬಾಸ್ಟನ್ ತನಕ ಅವನು ಮಾತಾಡಲಿಲ್ಲ. ಮಾರನೇ ದಿನ ಬಟ್ಟೆ ಒಗೆಯಲು ಹಾಕುವಾಗ ಜೇಬಿನಲ್ಲಿ ಆ ನೋಟುಗಳು ಸಿಕ್ಕಾಗ ನನಗೆ ಆದ ಸಂಕಟ ಅಷ್ಟಿಷ್ಟಲ್ಲ.

ಹಾಗಾಗಿ "ಎಷ್ಟು ನೋಡಬಹುದು" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮಗುವಿಗೆ ಆ ಲೆಕ್ಕ ಬೇಕಾಗಿಲ್ಲ, ಅದು ನಮ್ಮ ಫೋಟೋ ಆಲ್ಬಮ್‌ಗೆ ಬೇಕಾದ ಲೆಕ್ಕ. ಕಾರ್ನಿಶ್ ಒಂದೇ ಊರಿಗೆ ಹೋಗಿ.

ಮುಂದಿನ ವರ್ಷ ನಾವು ಹಾಗೇ ಮಾಡಿದೆವು. ಲಾಂಗ್ ವೀಕೆಂಡ್ ಬಿಟ್ಟು ಬೇರೆ ದಿನ ನೋಡಿ, ಬೆಳಗ್ಗೆ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಹೆದ್ದಾರಿ 93, ಆಮೇಲೆ 89, ಕೊನೆಗೆ 12ಎ ರಸ್ತೆ ಹಿಡಿದು ದಕ್ಷಿಣಕ್ಕೆ. ಕಾರ್ನಿಶ್ ಕಡೆಯ ದಡದಲ್ಲೇ ಕಾರು ನಿಲ್ಲಿಸಿ ಇಳಿದೆವು. ಎದುರಿಗೆ ಸೇತುವೆ, ಅದರ ಹಿಂದೆ ಆಸ್ಕಟ್ನಿ ಬೆಟ್ಟ. ಬೋರ್ಡನ್ನು ಅವನೇ ಗಟ್ಟಿಯಾಗಿ ಓದಿದ. ಈ ಸಲ ತಡವರಿಸಲಿಲ್ಲ. ಕುದುರೆಗಳು ಒಂದೇ ತಾಳಕ್ಕೆ ಓಡಿದರೆ ಸೇತುವೆ ಅಲುಗಾಡುತ್ತೆ ಅನ್ನುವ ಭಯಕ್ಕೆ ಆ ನಿಯಮ ಅಂತ ಹೇಳಿದ್ದಕ್ಕೆ, ಅಲ್ಲೇ ದಡದ ಹುಲ್ಲಲ್ಲಿ ಕುದುರೆ ಥರ ಕುಪ್ಪಳಿಸಿ ನೋಡಿದ.

"ಸೇತುವೆಗೆ ಮಾಡು ಯಾಕಮ್ಮಾ, ಹಿಮ ಬೀಳಬಾರದು ಅಂತನಾ?" ಅಂತ ಕೇಳಿದ. ನಿಮ್ಮ ಮಗಳೂ ಇದನ್ನೇ ಕೇಳುತ್ತಾಳೆ, ರೆಡಿಯಾಗಿರಿ. ನಾನು ತೀರ್ಥಹಳ್ಳಿ ಕಡೆಯವಳು. ಅಜ್ಜನ ಮನೆ ತೋಟದ ಹಳ್ಳಕ್ಕೆ ಅಡಿಕೆ ಮರದ ಸಂಕ, ಅಂದರೆ ಕಾಲುಸೇತುವೆ, ಹಾಕಿದ್ದನ್ನು ಅವನು ನೋಡಿದ್ದಾನೆ. ಆ ಸಂಕ ಮಳೆಯಲ್ಲಿ ನೆನೆದು ನೆನೆದು ಕೊಳೆತು ಲಡ್ಡಾಗುತ್ತದೆ, ಮತ್ತೆ ಹೊಸದು ಹಾಕಬೇಕು. ಇಲ್ಲೂ ಅದೇ ಕಥೆ. ಮಾಡು ಇರುವುದು ದಾಟುವವರಿಗಲ್ಲ, ಸೇತುವೆಯ ಭಾರ ಹೊತ್ತ ಮರಕ್ಕೆ. ಮಳೆ ಬಿದ್ದರೆ ಮರ ಹತ್ತಿಪ್ಪತ್ತು ವರ್ಷದಲ್ಲಿ ಹೋಗುತ್ತದೆ, ಒಣಗಿದ್ದರೆ ನೂರು ವರ್ಷ ದಾಟುತ್ತದೆ. ಹಿಮ ಬೇಡ ಅಂತಲ್ಲ, ಚಳಿಗಾಲದಲ್ಲಿ ಜಾರುಬಂಡಿ ಎಳೆಯಲು ಹಿಮ ಬೇಕೇ ಬೇಕಿತ್ತು. ಹಾಗಾಗಿ ಆಗಿನವರು ಹೊರಗಿನಿಂದ ಹಿಮ ತಂದು ಸೇತುವೆ ಒಳಗೆ ಹರವುತ್ತಿದ್ದರು. ಇದನ್ನು ಕೇಳಿ ಮಗ ನಕ್ಕ ನಗು ನೋಡಬೇಕಿತ್ತು.

ಮಕ್ಕಳಿಗೆ ಹೇಳಲು ಅಲ್ಲಿ ಇನ್ನೂ ಬೇಕಾದಷ್ಟಿದೆ. ಅದೇ ಜಾಗದಲ್ಲಿ 1796, 1824, 1828ರಲ್ಲಿ ಕಟ್ಟಿದ ಸೇತುವೆಗಳನ್ನು ನೆರೆ ನುಂಗಿತು. ಈಗಿರುವುದು ಸುಮಾರು 450 ಅಡಿ ಉದ್ದ, ಜೇಮ್ಸ್ ಟಾಸ್ಕರ್ ಮತ್ತು ಬೇಲಾ ಫ್ಲೆಚರ್ ಕಟ್ಟಿದ್ದು. 1943ರ ತನಕ ದಾಟಲು ಸುಂಕ ಕೊಡಬೇಕಿತ್ತು. ಇನ್ನೊಂದು ಮಜಾ ಅಂದರೆ ರಾಜ್ಯದ ಗಡಿ ನದಿಯ ನಡುವೆ ಇಲ್ಲ, ವರ್ಮಾಂಟ್ ಕಡೆಯ ನೀರಿನ ಅಂಚಿನಲ್ಲಿದೆ. ಹಾಗಾಗಿ ಸೇತುವೆ ಹೆಚ್ಚುಕಡಿಮೆ ಪೂರ್ತಿ ನ್ಯೂ ಹ್ಯಾಂಪ್‌ಶೈರ್‌ನದೇ.

ಆದರೆ ದೊಡ್ಡ ಸೇತುವೆ ಈಗಲೂ ಓಡಾಟದ ರಸ್ತೆ. ಮಗುವನ್ನು ಬಿಟ್ಟುಕೊಂಡು ಒಳಗೆ ಅಡ್ಡಾಡುವ ಜಾಗವಲ್ಲ. ಅದಕ್ಕೆ ಅದೇ ಊರಿನ ಬ್ಲ್ಯಾಕ್‌ಸ್ಮಿತ್ ಶಾಪ್ ಸೇತುವೆಗೆ ಹೋಗಿ, ಕೆನ್ಯನ್ ಸೇತುವೆ ಅಂತಲೂ ಕರೆಯುತ್ತಾರೆ. ಅದೂ ಟಾಸ್ಕರ್ ಕಟ್ಟಿದ್ದೇ. ಕಾರು ಬಿಡುವುದಿಲ್ಲ, ನಡೆದೇ ಹೋಗಬೇಕು. ಮಗು ಓಡಲಿ, ಕೂಗಲಿ, ಯಾರದೂ ಅಡ್ಡಿ ಇಲ್ಲ. ನನ್ನ ಮಗ ಒಂದೊಂದು ತೊಲೆಯನ್ನೂ ಮುಟ್ಟಿ ಮುಟ್ಟಿ ನೋಡಿದ, ಹಲಗೆಯ ಸಂದಿಗೆ ಕಣ್ಣಿಟ್ಟು ಕೆಳಗಿನ ಹಳ್ಳ ನೋಡಿದ. ಆಮೇಲೆ ಈ ತುದಿಯಿಂದ ಒಂದು ಎಲೆ ಹಳ್ಳಕ್ಕೆ ಬಿಟ್ಟು, ಓಡಿ ಹೋಗಿ ಆ ಕಡೆ ಅದು ಹೊರಗೆ ಬರುವುದನ್ನು ಕಾಯುವ ಆಟ. ಅದೇ ಆಟ ಎಷ್ಟು ಹೊತ್ತು ನಡೆಯಿತೋ, ನಾನು ಗಡಿಯಾರ ನೋಡಲಿಲ್ಲ. ಊಟವೂ ಅಲ್ಲೇ ಹತ್ತಿರ ಆಯಿತು.

ಬಣ್ಣದ ಪೀಕ್ ಬಗ್ಗೆ ಕೇಳಿದ್ದಿರಿ. ಆ ಕಡೆ ಸಾಮಾನ್ಯವಾಗಿ ಅಕ್ಟೋಬರ್‌ನ ಮೊದಲೆರಡು ವಾರ ಚೆನ್ನಾಗಿರುತ್ತದೆ, ಆದರೆ ಅದರ ಹಿಂದೆ ಬೀಳಬೇಡಿ. ಪೀಕ್ ಕಳೆದು ಹೋದರೆ ಮೇಪಲ್ ಎಲೆಯೆಲ್ಲ ನೆಲದಲ್ಲಿರುತ್ತದೆ, ಮಕ್ಕಳಿಗೆ ಮರದ ಮೇಲಿನದಕ್ಕಿಂತ ಅದೇ ಇಷ್ಟ. ಲಾಂಗ್ ವೀಕೆಂಡ್ ಬಿಟ್ಟು ಅದರ ಹಿಂದಿನದೋ ಮುಂದಿನದೋ ಶನಿವಾರ ಹೋಗಿ. ಬಾಸ್ಟನ್‌ನಿಂದ ಎರಡು ಗಂಟೆ ಚಿಲ್ಲರೆ ದಾರಿ, ಬೆಳಗ್ಗೆ ಏಳೂವರೆಗೆ ಬಿಟ್ಟರೆ ಹತ್ತಕ್ಕೆ ಅಲ್ಲಿರುತ್ತೀರಿ. ದಾರಿಯಲ್ಲೇ ಬಾತ್‌ರೂಮ್ ಮುಗಿಸಿಕೊಳ್ಳಿ, ಶೂ ಎರಡು ಜೊತೆ ಇಟ್ಟುಕೊಳ್ಳಿ. ಮಗಳು ನೀರಿಗೆ ಇಳಿಯುತ್ತೇನೆ ಅಂದರೆ ಕೈ ಹಿಡಿದು ಇಳಿಸಿ, ಬೇಡ ಅನ್ನಬೇಡಿ.