ರಾಷ್ಟ್ರಪತಿ ಅಂದ್ರೆ ಬರೀ ಸಹಿನಾ?

ಪ್ರಶ್ನೆ: ಎಲ್ಲ ಅಧಿಕಾರ ಪ್ರಧಾನಿ ಕೈಯಲ್ಲೇ ಇರುವಾಗ ರಾಷ್ಟ್ರಪತಿ ಯಾಕೆ ಬೇಕು? ಸುಮ್ನೆ ರಬ್ಬರ್ ಸ್ಟಾಂಪ್ ಅಲ್ವಾ?
– ಒಬ್ಬ ಓದುಗರು, ಬಾಗಲಕೋಟೆ

ಉತ್ತರ: ಇದಕ್ಕೆ ಉತ್ತರ ನಿಮ್ಮ ಜಿಲ್ಲೆಯಲ್ಲೇ ಇದೆ ನೋಡಿ. ಜಮಖಂಡಿ ಹತ್ತಿರದ ಸಾವಳಗಿಯ ಬಿ.ಡಿ. ಜತ್ತಿ ಗೊತ್ತಲ್ವಾ? 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿ ಆದರು. ಮುಂದಿನ ತಿಂಗಳೇ ಇಂದಿರಾ ಗಾಂಧಿ ಸೋತು ಮೊರಾರ್ಜಿ ದೇಸಾಯಿ ಪ್ರಧಾನಿಯಾದರು. ಏಪ್ರಿಲ್ ಕೊನೆಗೆ, 9 ರಾಜ್ಯಗಳ ವಿಧಾನಸಭೆ ವಿಸರ್ಜಿಸಿ ಅಂತ ಹೊಸ ಸರ್ಕಾರದ ಕಡತ ಬಂತು. ಜತ್ತಿ ತಕ್ಷಣ ಪೆನ್ನು ಎತ್ತಿಕೊಳ್ಳಲಿಲ್ಲ. ದೆಹಲಿಯಲ್ಲಿ ಗದ್ದಲವೋ ಗದ್ದಲ. ಕೊನೆಗೆ ಏಪ್ರಿಲ್ 30ಕ್ಕೆ ಸಹಿ ಬಿತ್ತು. ಸಂಪುಟ ಹೇಳಿದಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ 1976ರ ಸಂವಿಧಾನದ 42ನೇ ತಿದ್ದುಪಡಿ ಖಡಾಖಂಡಿತವಾಗಿ ಬರೆದಿಟ್ಟಿತ್ತು, ಬೇರೆ ದಾರಿ ಇರಲಿಲ್ಲ.

ಅಲ್ಲಿಗೆ ನಿಂತಿದ್ದರೆ ನಿಮ್ಮ ಮಾತು ಸರಿ. ಆದರೆ 1978ರಲ್ಲಿ 44ನೇ ತಿದ್ದುಪಡಿ ಬಂತು. ಅದರ ಪ್ರಕಾರ ರಾಷ್ಟ್ರಪತಿ ಸಂಪುಟದ ಸಲಹೆಯನ್ನು ಒಂದು ಸಲ, ಒಂದೇ ಸಲ, 'ಇನ್ನೊಮ್ಮೆ ಯೋಚನೆ ಮಾಡಿ' ಅಂತ ವಾಪಸ್ ಕಳಿಸಬಹುದು. ಅದೇ ಸಲಹೆ ಮತ್ತೆ ಬಂದರೆ ಒಪ್ಪಲೇಬೇಕು. ಇಷ್ಟಕ್ಕೆ ಏನು ಪ್ರಯೋಜನ ಅಂತೀರಾ? 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಲು ಗುಜ್ರಾಲ್ ಸಂಪುಟ ಹೊರಟಾಗ ಕೆ.ಆರ್. ನಾರಾಯಣನ್ ಹೀಗೇ ವಾಪಸ್ ಕಳಿಸಿದರು, ಸಂಪುಟ ಅದನ್ನು ಅಲ್ಲಿಗೇ ಕೈಬಿಟ್ಟಿತು. ಹಾಗಂತ ಪ್ರತಿಸಲ ಹೀಗಾಗಲ್ಲ. 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು (ಕೆಲವು ಸರ್ಕಾರಿ ಹುದ್ದೆ ಹಿಡಿದರೂ ಸಂಸದರ ಸ್ಥಾನ ಹೋಗದಂತೆ ಮಾಡುವ ಮಸೂದೆ) ಅಬ್ದುಲ್ ಕಲಾಂ ಹಿಂದಕ್ಕೆ ಕಳಿಸಿದರು. ಸಂಸತ್ತು ಒಂದಕ್ಷರ ಬದಲಿಸದೆ ಮತ್ತೆ ಪಾಸು ಮಾಡಿತು. ಸಹಿ ಹಾಕಿದರು.

ಎಲ್ಲರಿಗಿಂತ ಚಾಲಾಕಿ ಜೈಲ್ ಸಿಂಗ್. ಜನರ ಕಾಗದ ಒಡೆದು ನೋಡುವ ಅಧಿಕಾರ ಕೊಡುವ ಅಂಚೆ ಮಸೂದೆ 1986ರಲ್ಲಿ ಅವರ ಮುಂದೆ ಬಂತು. ಸಹಿಯೂ ಇಲ್ಲ, ವಾಪಸ್ಸೂ ಇಲ್ಲ, ಸುಮ್ನೆ ಇಟ್ಟುಕೊಂಡರು. ಇಷ್ಟು ದಿನದೊಳಗೆ ಸಹಿ ಹಾಕಬೇಕು ಅಂತ ಸಂವಿಧಾನದಲ್ಲಿ ಬರೆದೇ ಇಲ್ಲವಲ್ಲ! ಆ ಮಸೂದೆ ಕಾನೂನಾಗಲೇ ಇಲ್ಲ. ನನಗೆ ಇದು ಅಷ್ಟು ಚೆನ್ನಾಗಿ ಕಾಣೋದಿಲ್ಲ, ಕಾರಣ ಹೇಳಿ ವಾಪಸ್ ಕಳಿಸೋದೇ ಮರ್ಯಾದೆಯ ದಾರಿ.

ಪ್ರಶ್ನೆ: ಯಾರಿಗೂ ಬಹುಮತ ಬರದಿದ್ದರೆ ರಾಜ್ಯಪಾಲರು ಮನಸ್ಸಿಗೆ ಬಂದವರನ್ನು ಕರೆಯಬಹುದಾ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ಕರೆಯೋದು ಅವರ ವಿವೇಚನೆ, ಎಣಿಸೋದು ಸದನದಲ್ಲಿ. 2018ರ ಮೇನ ನಮ್ಮ ವಿಧಾನಸಭೆ ಚುನಾವಣೆ ನೆನಪಿದೆಯಾ? ಬಿಜೆಪಿಗೆ 104 ಸೀಟು, ಕಾಂಗ್ರೆಸ್–ಜೆಡಿಎಸ್ ಸೇರಿ 115. ರಾಜ್ಯಪಾಲ ವಜುಭಾಯಿ ವಾಲಾ ಯಡಿಯೂರಪ್ಪನವರನ್ನು ಕರೆದು ಬಹುಮತ ತೋರಿಸಲು 15 ದಿನ ಕೊಟ್ಟರು. ನಡುರಾತ್ರಿ ಸುಪ್ರೀಂ ಕೋರ್ಟ್ ಬಾಗಿಲು ತೆರೆಯಿತು, ನಾವೆಲ್ಲ ಟಿವಿ ಮುಂದೆ ನಿದ್ದೆಗೆಟ್ಟು ಕೂತಿದ್ದೆವು. ಪ್ರಮಾಣವಚನಕ್ಕೆ ತಡೆ ಸಿಗಲಿಲ್ಲ. ಆದರೆ ಮೇ 19ಕ್ಕೇ ಬಲಾಬಲ ಪರೀಕ್ಷೆ ಆಗಬೇಕು ಅಂತ ಕೋರ್ಟ್ ಹೇಳಿತು. ಮತಕ್ಕೆ ಹಾಕುವ ಮೊದಲೇ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಬಹುಮತ ತೀರ್ಮಾನವಾಗೋದು ಸದನದಲ್ಲೇ ಹೊರತು ರಾಜಭವನದಲ್ಲಲ್ಲ ಅಂತ 1994ರಲ್ಲೇ ತೀರ್ಪು ಬಂದಿತ್ತು. ಅದೂ ನಮ್ಮ ಎಸ್.ಆರ್. ಬೊಮ್ಮಾಯಿಯವರ ಕೇಸಿನಲ್ಲೇ.