ಎರಡನೇ ಪ್ರಶ್ನೆಗೆ ತಯಾರಾಗಿ

ಓದುಗರ ಪತ್ರ: "ಲೆಕ್ಕಪತ್ರ ವಿಭಾಗದಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಸಂದರ್ಶನದಲ್ಲಿ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಬರೆದು ಬಾಯಿಪಾಠ ಮಾಡಿಕೊಂಡು ಹೋಗುತ್ತೇನೆ. ಮೊದಲ ಪ್ರಶ್ನೆಗೆ ಸರಾಗವಾಗಿ ಉತ್ತರಿಸುತ್ತೇನೆ. ಅದರ ಮೇಲೆ ಇನ್ನೊಂದು ಕೇಳಿದರೆ ಮಾತೇ ಹೊರಡುವುದಿಲ್ಲ. ಮೂರು ಕಡೆ ಹೀಗೇ ಆಯಿತು. ನನ್ನ ತಯಾರಿಯಲ್ಲಿ ಏನು ಕೊರತೆ?"

ಸಂಪಾದಕರ ಉತ್ತರ:

ನೀವು ಎಲ್ಲಿ ಎಡವುತ್ತಿದ್ದೀರಿ ಎಂಬುದನ್ನು ನೀವೇ ಸರಿಯಾಗಿ ಗುರುತಿಸಿದ್ದೀರಿ. ಅನುಭವವುಳ್ಳ ಸಂದರ್ಶಕರು ಅಭ್ಯರ್ಥಿಯನ್ನು ಅಳೆಯುವುದು ಹೆಚ್ಚಾಗಿ ಎರಡನೇ, ಮೂರನೇ ಪ್ರಶ್ನೆಯಲ್ಲೇ. "ಆಗ ನೀವೇನು ಮಾಡಿದಿರಿ?", "ಬೇರೆ ದಾರಿ ಯಾಕೆ ಹಿಡಿಯಲಿಲ್ಲ?" ಎಂದು ಕೇಳಿದಾಗ ಬಾಯಿಪಾಠದ ಉತ್ತರ ಅಲ್ಲಿಗೇ ಮುಗಿದುಹೋಗುತ್ತದೆ. ನಿಜವಾಗಿ ಮಾಡಿದ ಕೆಲಸವಾದರೆ ಎಷ್ಟು ಕೆದಕಿದರೂ ಹೇಳಲು ಇನ್ನೂ ಉಳಿದಿರುತ್ತದೆ. ಹಾಗಾಗಿ ಉತ್ತರಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು ಘಟನೆಗಳನ್ನು ಸಿದ್ಧಮಾಡಿಕೊಳ್ಳಿ.

ಉದ್ಯೋಗದ ಜಾಹೀರಾತನ್ನೋ ಹುದ್ದೆಯ ವಿವರವನ್ನೋ ಮುದ್ರಿಸಿಕೊಂಡು ಪೆನ್ಸಿಲ್ ಹಿಡಿದು ಓದಿ. ಎಷ್ಟೇ ಉದ್ದವಿದ್ದರೂ ಅದರಲ್ಲಿ ಸಂಸ್ಥೆಗೆ ನಿಜಕ್ಕೂ ಬೇಕಾದ ಸಂಗತಿಗಳು ಐದಾರು ಇರುತ್ತವೆ. ನಿಮ್ಮ ಕ್ಷೇತ್ರದಲ್ಲಾದರೆ ಬ್ಯಾಂಕ್ ತಾಳೆ (ಬ್ಯಾಂಕಿನ ಖಾತೆ ವಿವರವನ್ನು ಸಂಸ್ಥೆಯ ಲೆಕ್ಕದೊಂದಿಗೆ ಹೋಲಿಸಿ ಸರಿಹೊಂದಿಸುವುದು), ತಿಂಗಳ ಲೆಕ್ಕ ಮುಗಿಸುವುದು, ಪೂರೈಕೆದಾರರ ಪಾವತಿ, ಆಡಿಟ್‌ಗೆ ದಾಖಲೆ ಒದಗಿಸುವುದು ಇತ್ಯಾದಿ. ಪ್ರತಿಯೊಂದಕ್ಕೂ ನಿಮ್ಮ ಕೆಲಸದಿಂದಲೇ ಒಂದು ಘಟನೆ ಆರಿಸಿ, ಅರ್ಧ ಪುಟ ಬರೆಯಿರಿ: ಪರಿಸ್ಥಿತಿ ಏನಿತ್ತು, ನಿಮ್ಮ ಹೊಣೆ ಯಾವುದು, ನೀವು ಏನೇನು ಮಾಡಿದಿರಿ, ಕೊನೆಗೆ ಏನಾಯಿತು. ಎಡವಟ್ಟಾದ ಒಂದು ಘಟನೆ, ಸಹೋದ್ಯೋಗಿಯೊಡನೆ ಭಿನ್ನಾಭಿಪ್ರಾಯ ಬಂದ ಒಂದು ಘಟನೆ ಇವುಗಳ ಜೊತೆಗಿರಲಿ. ಅವೆರಡನ್ನೂ ಆಗಾಗ ಕೇಳುತ್ತಾರೆ.

ಹೇಳುವಾಗ ಒಂದು ಘಟನೆ ಎರಡು ನಿಮಿಷ ಮೀರಬಾರದು. ಅದರಲ್ಲಿ ಹಿನ್ನೆಲೆಗೆ 20 ಸೆಕೆಂಡ್ ಸಾಕು. ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ನೀವು ಮಾಡಿದ್ದಕ್ಕೆ ಮೀಸಲಿರಲಿ. ಬಹಳಷ್ಟು ಜನ ತಪ್ಪುವುದು ಇಲ್ಲೇ. ಕಚೇರಿಯ ವ್ಯವಸ್ಥೆಯನ್ನೆಲ್ಲ ವಿವರಿಸಿ, ತಮ್ಮ ಪಾಲಿನ ಕೆಲಸವನ್ನು ಒಂದೇ ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಇನ್ನೊಂದು ತಪ್ಪು, ಎಲ್ಲದಕ್ಕೂ "ನಾವು ಮಾಡಿದೆವು" ಎನ್ನುವುದು. ವಿನಯದಿಂದಲೇ ಹಾಗೆ ಹೇಳುತ್ತೀರಿ, ನಿಜ. ಆದರೆ ಸಂದರ್ಶಕರು ಟಿಪ್ಪಣಿ ಮಾಡಿಕೊಳ್ಳುವಾಗ ನಿಮ್ಮ ಹೆಸರಿನ ಮುಂದೆ ಬರೆಯಲು ಅವರಿಗೆ ಏನೂ ಸಿಗುವುದಿಲ್ಲ. ತಂಡದ ಕೆಲಸವನ್ನು ಒಮ್ಮೆ ಹೇಳಿ, ಅದರಲ್ಲಿ ನಿಮ್ಮ ಭಾಗ ಯಾವುದೆಂದು ಬಿಡಿಸಿ ತಿಳಿಸಿ.

ಈಗ ಮುಖ್ಯ ಅಭ್ಯಾಸ. "ತಿಂಗಳ ಲೆಕ್ಕ ಮುಗಿಸಲು ಎಂಟು ದಿನ ಬೇಕಿತ್ತು, ಐದಕ್ಕೆ ಇಳಿಸಿದೆ" ಎಂದು ಬರೆದುಕೊಂಡಿದ್ದೀರಿ ಎನ್ನೋಣ. ಅದನ್ನು ನೀವೇ ಕೆದಕಿ. ಉಳಿದ ಆ ಮೂರು ದಿನ ಯಾವ ಹಂತದಲ್ಲಿ ಉಳಿದವು? ಅವಸರದಿಂದ ತಪ್ಪುಗಳು ಹೆಚ್ಚಾದವೇ? ಅದನ್ನು ಯಾರು ಪರಿಶೀಲಿಸಿದರು? ಯಾರು ಒಪ್ಪಲಿಲ್ಲ, ಅವರನ್ನು ಹೇಗೆ ಒಪ್ಪಿಸಿದಿರಿ? ಮತ್ತೆ ಮಾಡುವುದಾದರೆ ಏನು ಬದಲಿಸುತ್ತೀರಿ? ಉತ್ತರ ಸಿಗದ ಕಡೆ ಹಳೆಯ ಕೆಲಸವನ್ನು ನೆನಪಿಸಿಕೊಂಡು ವಿವರ ತುಂಬಿಸಿ. ವಿವರ ನೆನಪಾಗದಿದ್ದರೆ ಆ ಘಟನೆ ಬಿಡಿ, ಬೇರೆಯದನ್ನು ಹುಡುಕಿ. ಹಿಂದಿನ ಸಂಸ್ಥೆಯ ಗೋಪ್ಯ ಮೊತ್ತಗಳನ್ನು ಮಾತ್ರ ಎಲ್ಲೂ ಹೇಳಬೇಡಿ. ಶೇಕಡಾವಾರು ಹೇಳಿದರೆ ಸಾಕಾಗುತ್ತದೆ.

ಇದೇ ಕಣ್ಣಿನಿಂದ ರೆಸ್ಯೂಮೆಯನ್ನೂ ನೋಡಿ. "ಎಕ್ಸೆಲ್‌ನಲ್ಲಿ ಪರಿಣತಿ" ಎಂದಿದ್ದರೆ ಅಲ್ಲೇ ಪಿವೋಟ್ ಟೇಬಲ್ (ದೊಡ್ಡ ಪಟ್ಟಿಯ ಮಾಹಿತಿಯನ್ನು ಗುಂಪುಮಾಡಿ ಸಾರಾಂಶ ತೋರಿಸುವ ಕೋಷ್ಟಕ) ಮಾಡಿ ತೋರಿಸಲು ಹೇಳಬಹುದು. ಎರಡು ನಿಮಿಷ ಮಾತನಾಡಲಾಗದ ಸಾಲನ್ನು ತೆಗೆದುಹಾಕುವುದೇ ಕ್ಷೇಮ.

ಅಭ್ಯಾಸ ಮನಸ್ಸಿನಲ್ಲೇ ಆದರೆ ಪ್ರಯೋಜನವಿಲ್ಲ, ಗಟ್ಟಿಯಾಗಿ ಮಾತನಾಡಿ. ಪ್ರತಿ ಘಟನೆಗೆ ನಾಲ್ಕೈದು ಪದಗಳನ್ನಷ್ಟೇ ಚೀಟಿಯಲ್ಲಿ ಬರೆದಿಟ್ಟು, ಫೋನಿನಲ್ಲಿ ಧ್ವನಿಮುದ್ರಿಸಿಕೊಂಡು ಕೇಳಿ. ಪ್ರತಿ ಸಲ ಪ್ರಶ್ನೆಯ ಮಾತು ಬದಲಾಗಲಿ, ಇಲ್ಲದಿದ್ದರೆ ಇದೂ ಬಾಯಿಪಾಠವಾಗುತ್ತದೆ. ಸ್ನೇಹಿತರೊಬ್ಬರು ಕೂತು, ನಡುನಡುವೆ "ಯಾಕೆ?" ಎಂದು ತಡೆದು ಕೇಳಿದರೆ ಇನ್ನೂ ಒಳ್ಳೆಯದು.

"ನಿಮ್ಮ ಬಗ್ಗೆ ಹೇಳಿ" ಎಂದಾಗ ಶಾಲೆಯಿಂದ ಶುರುಮಾಡಬೇಡಿ. ಈಗಿನ ಕೆಲಸ, ಈ ಹುದ್ದೆಗೆ ಹೊಂದುವ ಒಂದೆರಡು ಸಾಧನೆ, ಇಲ್ಲಿಗೆ ಬರಬಯಸುವ ಕಾರಣ: ಒಂದೂವರೆ ನಿಮಿಷ. ಸಂಬಳದ ಮಾತು ಬಂದರೆ ತಡವರಿಸದಂತೆ, ಒಪ್ಪಬಹುದಾದ ಕನಿಷ್ಠ ಮೊತ್ತವನ್ನು ಮೊದಲೇ ನಿಶ್ಚಯಿಸಿಕೊಂಡಿರಿ. ವಿಡಿಯೊ ಸಂದರ್ಶನವಾದರೆ ಬೆಳಕು ಎದುರಿನಿಂದ ಬರಲಿ, ಕ್ಯಾಮೆರಾ ಕಣ್ಣಿನ ಮಟ್ಟದಲ್ಲಿರಲಿ.

ಇಷ್ಟಾದರೂ ಗೊತ್ತಿಲ್ಲದ ಪ್ರಶ್ನೆ ಬಂದೇ ಬರುತ್ತದೆ. "ಒಂದು ಕ್ಷಣ ಯೋಚಿಸಿ ಹೇಳುತ್ತೇನೆ" ಎಂದು ಹತ್ತು ಸೆಕೆಂಡ್ ಸುಮ್ಮನಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ. ಗೊತ್ತೇ ಇಲ್ಲದಿದ್ದರೆ ಹಾಗೆಂದು ಹೇಳಿ, ಅದನ್ನು ಹೇಗೆ ತಿಳಿದುಕೊಳ್ಳುತ್ತೀರಿ, ಯಾವ ದಾಖಲೆ ನೋಡುತ್ತೀರಿ ಎಂಬುದನ್ನು ವಿವರಿಸಿ. ಊಹಿಸಿ ಹೇಳಿದ ಉತ್ತರ ಮುಂದಿನ ಪ್ರಶ್ನೆಗೇ ಬಯಲಾಗುತ್ತದೆ.

ಕೊನೆಯಲ್ಲಿ "ನೀವೇನಾದರೂ ಕೇಳುವುದಿದೆಯೇ?" ಎಂದಾಗ ಸುಮ್ಮನಿರಬೇಡಿ. ಈ ಹುದ್ದೆಗೆ ಬಂದವರು ಮೊದಲ ಮೂರು ತಿಂಗಳಲ್ಲಿ ಏನು ಮಾಡಿ ತೋರಿಸಬೇಕು ಎಂದು ಕೇಳಿ. ಅವರು ಕೊಡುವ ಉತ್ತರದಲ್ಲಿ ನೀವಿನ್ನೂ ಹೇಳದ ಘಟನೆಯೊಂದಕ್ಕೆ ಹೊಂದುವ ಅಂಶವಿದ್ದರೆ, ಅದನ್ನು ಆಗಲೇ ಎರಡು ವಾಕ್ಯದಲ್ಲಿ ಹೇಳಿ ಏಳಿ.