ಎಳ್ಳು ಬೀರಲು ಹೋಗದ ಹುಡುಗಿ

ಇವಳನ್ನು ಪುಟ್ಟಿ ಅನ್ನೋಣ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮೈಸೂರು ಕಡೆಯವಳು, ವಯಸ್ಸು 9. ಕಡಲೆಕಾಯಿ ಆಗಲ್ಲ. 4 ವರ್ಷದವಳಿದ್ದಾಗ ಚಿಕ್ಕಿ ತಿಂದು ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಅಪ್ಪ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದರು.

ಮಕ್ಕಳ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಬಂದಿದ್ದು ಅಲರ್ಜಿಗಲ್ಲ. ಶಾಲೆಯಲ್ಲಿ ಡಬ್ಬಿಯನ್ನೇ ತೆಗೆಯಲ್ಲ, ಭಾನುವಾರ ಸಂಜೆಯಾದರೆ ಹೊಟ್ಟೆನೋವು ಅಂತಾಳೆ ಎಂದು. ಎರಡು ಸಲ ಅವಳು ಬಾಯೇ ಬಿಡಲಿಲ್ಲ. ಮೂರನೇ ಸಲ ತರಗತಿಯ ಚಿತ್ರ ಬರೆದಳು, ಎಲ್ಲರೂ ಗುಂಪಾಗಿ ಕೂತು ಉಣ್ಣುತ್ತಿದ್ದಾರೆ, ಒಂದೇ ಒಂದು ಬೆಂಚು ಬಾಗಿಲ ಹತ್ತಿರ. "ಅದು ನಂದು" ಅಂದಳು. ಶಾಲೆಯವರು ಕಾಳಜಿಯಿಂದಲೇ ಹಾಗೆ ಕೂರಿಸಿದ್ದರು, ಆದರೆ ಮಗುವಿಗೆ ಅದು ಶಿಕ್ಷೆಯಾಗಿತ್ತು. ಒಂದು ದಿನ ಒಬ್ಬ ಹುಡುಗ ಅವಳ ಡಬ್ಬಿಗೆ ಚಿಕ್ಕಿ ಚೂರು ಹಾಕಿ, "ಏನಾಗುತ್ತೆ ನೋಡೋಣ" ಅಂದಿದ್ದನಂತೆ. ಮನೆಯಲ್ಲಿ ಯಾಕೆ ಹೇಳಲಿಲ್ಲ ಪುಟ್ಟಿ? "ಅಮ್ಮ ಅಳ್ತಾಳೆ."

ಅವಳ ಒಪ್ಪಿಗೆ ಕೇಳಿಯೇ ಇದನ್ನು ಅಮ್ಮನಿಗೆ ಹೇಳಿದೆ. ಹೇಳುವಾಗ ನನ್ನ ಗಂಟಲೂ ಕಟ್ಟಿತು.

ಶಾಲೆಗೆ ನಾನು ಹೇಳಿದ್ದು ಇಷ್ಟು: ದೂರ ಇಡಬೇಕಾದ್ದು ಕಡಲೆಕಾಯಿಯನ್ನು, ಹುಡುಗಿಯನ್ನಲ್ಲ. ಬೆಂಚು ಗೆಳತಿಯರ ನಡುವೆ ಬರಲಿ, ಡಬ್ಬಿ ಹಂಚಿಕೊಳ್ಳುವುದು ಬೇಡ, ಊಟವಾದ ಮೇಲೆ ಎಲ್ಲರೂ ಸೋಪು ಹಾಕಿ ಕೈ ತೊಳೆಯಲಿ, ಸ್ಯಾನಿಟೈಸರ್‌ನಿಂದ ಕಡಲೆಕಾಯಿಯ ಅಂಶ ಹೋಗಲ್ಲ. ಚಿಕ್ಕಿ ಹಾಕಿದ್ದು ತಮಾಷೆಯಲ್ಲ, ಜೀವಕ್ಕೇ ಅಪಾಯ, ಆ ಹುಡುಗನ ಮನೆಯವರನ್ನು ಕರೆಸಿ ಮಾತಾಡಿ. ಉಸಿರಾಟಕ್ಕೆ ತೊಂದರೆಯಾದರೆ ಅಡ್ರಿನಲಿನ್ ಇಂಜೆಕ್ಷನ್ ತಡವಾಗಬಾರದು, ಆಗ ಯಾರು ಏನು ಮಾಡಬೇಕು ಅಂತ ವೈದ್ಯರಿಂದ ಬರೆಸಿ ಇಟ್ಟುಕೊಳ್ಳಿ.

ಪಕ್ಕದವರ ಚಟ್ನಿ ವಾಸನೆ ಬಂದರೂ ಸತ್ತೇ ಹೋಗುತ್ತೇನೆ ಅಂತ ಪುಟ್ಟಿ ನಂಬಿದ್ದಳು. ಇದನ್ನು ಅವಳ ಅಲರ್ಜಿ ವೈದ್ಯರೇ ಬಿಡಿಸಿ ಹೇಳಲಿ ಅಂದೆ. ಸಾಮಾನ್ಯವಾಗಿ ಅಪಾಯ ಬರುವುದು ಹೊಟ್ಟೆಗೆ ಹೋದರೆ, ಬರೀ ವಾಸನೆಗಲ್ಲ ಅಂತ ಅವರು ಹೇಳಿದ ಮೇಲೆ ಎಷ್ಟೋ ಭಯ ಇಳಿಯಿತು.

ಅಜ್ಜಿಯದು ಬೇರೆ ವಾದ, ದಿನಾ ಒಂದೊಂದು ಕಾಳು ಕೊಟ್ಟರೆ ರೂಢಿಯಾಗುತ್ತೆ ಅಂತ. ಅಂಥ ಚಿಕಿತ್ಸೆ ಇದೆ ಅಜ್ಜಿ, ಆದರೆ ಅದನ್ನು ತಜ್ಞರ ಉಸ್ತುವಾರಿಯಲ್ಲೇ ಮಾಡಬೇಕು, ಮನೆಯಲ್ಲಿ ಖಂಡಿತ ಬೇಡ ಅಂದೆ. ಅಮ್ಮನಿಗೆ ಕೇಳಿಕೊಂಡಿದ್ದು ಒಂದೇ. ಶಾಲೆ ಗೇಟಿನಲ್ಲಿ ಮೊದಲ ಪ್ರಶ್ನೆ "ಯಾರಾದ್ರೂ ಏನಾದ್ರೂ ಕೊಟ್ರಾ?" ಆಗುವುದು ಬೇಡ, "ಇವತ್ತು ಯಾರ ಜೊತೆ ಆಡಿದೆ?" ಅನ್ನಿ. ಅಳು ಬಂದರೆ ನನ್ನ ಹತ್ತಿರ ಬಂದು ಅತ್ತುಬಿಡಿ ಅಂದೆ, ಎರಡು ಸಲ ಒಬ್ಬರೇ ಬಂದರು.

ಸಂಕ್ರಾಂತಿ ಬಂತು. ಎರಡು ವರ್ಷದಿಂದ ಎಳ್ಳು ಬೀರಲು ಹೋಗದೆ ಕಿಟಕಿಯಲ್ಲಿ ನಿಂತು ನೋಡುತ್ತಿದ್ದ ಹುಡುಗಿ ಅದು. ಈ ಸಲ ವೈದ್ಯರನ್ನು ಕೇಳಿಕೊಂಡು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ ಅಷ್ಟೇ ಹಾಕಿ ಮನೆಯಲ್ಲೇ ಮಾಡಿದರು. ಕೊಬ್ಬರಿ ಹೆಚ್ಚಿದ್ದು ಅಜ್ಜಿ. ಪುಟ್ಟಿ ಗೆಳತಿಯ ಜೊತೆ 5 ಮನೆಗೆ ಹೋದಳು, ಅಲ್ಲಿ ಕೊಟ್ಟ ಪೊಟ್ಟಣಗಳನ್ನು ಬಿಚ್ಚದೆ ತಂದು ಅಮ್ಮನ ಕೈಗೆ ಕೊಟ್ಟಳು.

ಡಬ್ಬಿಯಲ್ಲಿ ಈಗಲೂ ಅರ್ಧ ಚಪಾತಿ ಉಳಿದಿರುತ್ತದೆ. ತಿಂಗಳಿಗೊಮ್ಮೆ ಬರುತ್ತಿದ್ದಾಳೆ.